ಕುಂಟೆಯ ರೆಪ್ಪೆ

ಇದನ್ನು ನನಗೆ ಮೊದಲು ಹೇಳಿದವಳು ನಮ್ಮ ಚಿಕ್ಕಜ್ಜಿ ಹೊನ್ನೂರಮ್ಮ, ಅಜ್ಜಿಯ ಕೊನೆಯ ತಂಗಿ. ಬಾಯಲ್ಲಿ ನಾಲ್ಕೇ ಹಲ್ಲು. ಅವು ಮಾತಿಗೆ ಅಡ್ಡ ಬಂದದ್ದನ್ನು ನಾನು ನೋಡಿಲ್ಲ. ಮಟಮಟ ಮಧ್ಯಾಹ್ನ ಹೊಂಗೆ ಮರದ ಕೆಳಗೆ ಕೂತು, ಎಲೆಅಡಿಕೆ ಕುಟ್ಟುತ್ತ ಹೇಳಿದಳು. ಆಮೇಲೆ ನಾನು ಕಾಲೇಜಿಗೆ ಹೋಗಿ ಕೆರೆ ಕುಂಟೆಗಳ ಬಗ್ಗೆ ದಪ್ಪ ದಪ್ಪ ಪುಸ್ತಕ ಓದಿದೆ, ಪರೀಕ್ಷೆಯನ್ನೂ ಬರೆದೆ. ಅವುಗಳಲ್ಲಿದ್ದದ್ದೆಲ್ಲ ನಿಜವೇ. ಆದರೆ ಮರೆಯದೆ ಉಳಿದಿರುವುದು ಹೊನ್ನೂರಮ್ಮ ಹೇಳಿದ್ದು. ಅವಳು ಹೇಳಿದ ಹಾಗೇ ಹೇಳುತ್ತೇನೆ, ಕೇಳಿ.

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬಂಡೆಗಳನ್ನು ಬೆರಳಿನಿಂದ ಒತ್ತಿದರೆ ತಗ್ಗುತ್ತಿದ್ದವು. ಮಳೆಗೆ ಎಲ್ಲಿ ಬೀಳಬೇಕು ಎಂದು ಸರಿಯಾಗಿ ಗೊತ್ತಿರಲಿಲ್ಲ. ಒಂದೇ ಜಾಲಿಮರದ ಮೇಲೆ ಮೂರು ದಿನ ಸುರಿದು, "ಮುಗೀತಾ? ಊರು ಇಷ್ಟೇನಾ?" ಎಂದು ಕೇಳುತ್ತಿತ್ತು. ಬಿದ್ದ ನೀರೂ ನಿಲ್ಲುತ್ತಿರಲಿಲ್ಲ. ಇಳಿಜಾರು ಕಂಡರೆ ಸಾಕು, ಹೇಳದೆ ಕೇಳದೆ ಓಡಿಬಿಡುತ್ತಿತ್ತು.

ನೀರನ್ನು ಮೊದಲು ನಿಲ್ಲಿಸಿದ್ದು ಮನುಷ್ಯರಲ್ಲ, ಎಮ್ಮೆ.

ಎಮ್ಮೆಗೆ ಸೆಖೆಯಾಗಿತ್ತು. ಒಂದು ಕಡೆ ನೆಲ ತೇವವಾಗಿರುವುದನ್ನು ನೋಡಿ ಮಲಗಿತು. ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು. ಮರುವರ್ಷ ಬಂದು ಮತ್ತೆ ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು. ಹಾಗೆ ಹೊರಳಿ ಹೊರಳಿ ಅಲ್ಲೊಂದು ತಗ್ಗಾಯಿತು. ತಗ್ಗಿನಲ್ಲಿ ನೀರು ನಿಂತಿತು. ಲೋಕದ ಮೊದಲ ಕುಂಟೆ ಅದು.

ನೀರು ನಿಂತ ಮೇಲೆ ನೆಂಟರು ಬಾರದಿರುತ್ತಾರೆಯೇ? ಜೊಂಡು ಬಂದು ಅಂಚಿನಲ್ಲಿ ನಿಂತಿತು. ನೈದಿಲೆ ಬಂದು ಎಲೆ ಹಾಸಿಕೊಂಡಿತು. ಕಪ್ಪೆ, ಬಸವನಹುಳು, ಏಡಿ, ಬೆರಳುದ್ದದ ಮೀನು, ಬೆಳ್ಳಕ್ಕಿ ಎಲ್ಲ ಬಂದವು. ಕುಂಟೆಯ ನೀರು ಹುಣಸೆಹುಳಿ ಕಿವುಚಿದ ಹಾಗೆ ಕಂದುಬಣ್ಣ. ಸ್ವಲ್ಪ ವಾಸನೆ. ಗದ್ದಲವಂತೂ ಹೇಳತೀರದು.

ಕುಂಟೆ ಸುಖವಾಗಿತ್ತು.

ಕೆಲವು ಕಾಲದ ಮೇಲೆ ಹತ್ತಿರದಲ್ಲೇ ಜನ ಬಂದು ಗುಡಿಸಲು ಹಾಕಿದರು. ಅವರಲ್ಲಿ ಒಬ್ಬಳು ತಿಪ್ಪವ್ವ. ಹೆಸರು ತಿಪ್ಪೆಯದು, ಹುಚ್ಚು ಚೊಕ್ಕದ್ದು. ತನ್ನ ಅಂಗಳ ಗುಡಿಸಿ ಆದ ಮೇಲೂ ಕೈ ನಿಲ್ಲದೆ ಪಕ್ಕದವರ ಅಂಗಳಕ್ಕೆ ಹೋಗುತ್ತಿದ್ದಳು. ಅವಳ ಗಂಡ ಓಬಯ್ಯ ಒಳಗೆ ಬರುವ ಮೊದಲು ಎರಡು ಸಲ ಕಾಲು ತೊಳೆಯುತ್ತಿದ್ದ, ಒಂದು ಸಲ ಕೊಳೆಗೆ, ಇನ್ನೊಂದು ಸಲ ತಿಪ್ಪವ್ವನಿಗೆ. ಅವರಿಗೆ ಒಬ್ಬಳೇ ಮಗಳು, ದುಗ್ಗಿ. ಏಳು ವರ್ಷ.

ಬೇಸಿಗೆ ಬಂತು. ಕುಂಟೆ ಬತ್ತಿತು. ತಳದಲ್ಲಿ ಹೂಳು ಕಂಡಿತು. ಹೂಳು ಎಂದರೆ ಮಳೆನೀರಿನ ಜೊತೆ ಬಂದು ಕೂತ ಕಪ್ಪು ಮೆಕ್ಕಲು. ಜನ ಮಂಕರಿ, ಸಲಿಕೆ ಹಿಡಿದು ಬಂದರು. ಎಮ್ಮೆ ದಡದಲ್ಲಿ ಮೆಲುಕು ಹಾಕುತ್ತ ಮಲಗಿತ್ತು.

"ತಗೊಳ್ಳಿ. ಹೊಲಕ್ಕೆ ಹಾಕ್ಕೊಳ್ಳಿ, ಬೆಳೆ ಚೆನ್ನಾಗಿ ಬರ್ತೈತೆ," ಎಂದಿತು ಎಮ್ಮೆ. "ಆದರೆ ಮೂರು ಪಾಲು ತೆಗೆದು ಒಂದು ಪಾಲು ಬಿಡಿ. ಆ ಮೂಲೇಲಿ ಮಲಗಿರೋರು ಅವ್ರೆ."

ಜನ ಹೂಂ ಎಂದರು. ತಿಪ್ಪವ್ವ ಸೊಂಟದ ಮೇಲೆ ಕೈಯಿಟ್ಟು ನಕ್ಕಳು.

"ಅಲ್ಲ ಎಮ್ಮಕ್ಕ, ಮನೆ ಗುಡಿಸೋವಾಗ ಒಂದು ಮೂಲೆ ಬಿಟ್ಟು ಗುಡಿಸ್ತಾರಾ ಯಾರಾದ್ರೂ?"

"ಇದು ನಿನ್ನ ಮನೆ ಅಲ್ವಲ್ಲ ತಾಯಿ."

"ಅದಕ್ಕೇ ಹಿಂಗೈತೆ," ಎಂದಳು ತಿಪ್ಪವ್ವ.

ಎಮ್ಮೆ ಮೆಲುಕು ಹಾಕುವುದನ್ನು ಮುಂದುವರಿಸಿತು. ಅದಕ್ಕೆ ಎರಡನೆಯ ಸಲ ಹೇಳಿ ಅಭ್ಯಾಸವಿರಲಿಲ್ಲ.

ಜನ ತಮಗೆ ಬೇಕಾದಷ್ಟು ತೆಗೆದುಕೊಂಡು ಹೋದರು. ತಿಪ್ಪವ್ವ ಹೋಗಲಿಲ್ಲ. ಉಳಿದ ಮೂಲೆಯನ್ನೂ ಕೆರೆದು, ಮಂಕರಿ ಮಂಕರಿಯಾಗಿ ಹೊತ್ತು, ಬೇಲಿಯಾಚೆ ರಾಶಿ ಹಾಕಿದಳು. ಜೊಂಡನ್ನು ಬೇರುಸಹಿತ ಕಿತ್ತಳು. ಇಳಿಜಾರಾಗಿದ್ದ ದಡವನ್ನು ಕಡಿದು ಗೋಡೆಯ ಹಾಗೆ ನೆಟ್ಟಗೆ ಮಾಡಿದಳು. ಮಣ್ಣನ್ನು ಸುತ್ತಲೂ ಏರಿಸಿ ಕಟ್ಟಿದಳು. ಅಷ್ಟಕ್ಕೂ ಸಮಾಧಾನವಾಗದೆ, ಕೆಮ್ಮಣ್ಣು ಸಗಣಿ ಕಲಸಿ, ಅಡುಗೆಮನೆಯ ನೆಲ ಸಾರಿಸುವ ಹಾಗೆ ಕುಂಟೆಯ ತಳವನ್ನು ಸಾರಿಸಿದಳು. ಒಣಗಿದ ಮೇಲೆ ನುಣುಪುಕಲ್ಲಿನಿಂದ ಉಜ್ಜಿದಳು. ಕೊನೆಗೆ ನಡುವೆ ಒಂದು ರಂಗೋಲಿ ಬಿಟ್ಟಳು.

"ಕುಂಟೆಗೆ ರಂಗೋಲಿ!" ಎಂದ ಓಬಯ್ಯ. "ಒಳಗೆ ಇಳಿಬೇಕಾದ್ರೆ ನಾನು ಎಷ್ಟು ಸಲ ಕಾಲು ತೊಳಿಬೇಕು?"

"ನೀನು ಇಳಿಯೋದೇ ಬ್ಯಾಡ," ಎಂದಳು ತಿಪ್ಪವ್ವ.

ಮಳೆ ಬಂತು. ಕುಂಟೆ ತುಂಬಿತು.

ಅಂಥ ನೀರನ್ನು ಯಾರೂ ಕಂಡಿರಲಿಲ್ಲ. ನೀರಿದೆಯೋ ಇಲ್ಲವೋ ಎಂದು ಕೈ ಹಾಕಿ ನೋಡಬೇಕಿತ್ತು. ಜನ ಬಂದು ನೋಡಿ, "ಭೇಷ್ ತಿಪ್ಪವ್ವ" ಎಂದರು. ಎಂದವರು ಯಾಕೋ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮೊದಲು ಬಂದದ್ದು ಗಾಳಿ. ಗಾಳಿ ಯಾವಾಗಲೂ ಜೊಂಡನ್ನು ಮಾತಾಡಿಸಿ ನೀರಿಗೆ ಇಳಿಯುತ್ತಿತ್ತು. ಈಗ ಏರಿಸಿದ ದಡಕ್ಕೆ ತಾಗಿ ಮೇಲಿಂದಲೇ ದಾಟಿಹೋಯಿತು. ಹೋಗುವಾಗ, "ಇಲ್ಲಿ ಹಿಡ್ಕೊಳ್ಳೋಕೆ ಏನೂ ಇಲ್ಲ" ಎಂದಿತು. ನೀರು ಅಲುಗಲಿಲ್ಲ. ಒಂದು ಸಣ್ಣ ಸುಕ್ಕೂ ಇಲ್ಲ.

ಕುಂಟೆಯ ಒಳಗೆ ಯಾರೂ ಇರಲಿಲ್ಲ. ಕೂಗುವವರಿಲ್ಲ, ಜಗಳಾಡುವವರಿಲ್ಲ, ಕೆಸರೆಬ್ಬಿಸುವವರಿಲ್ಲ. ಮಾಡಲು ಬೇರೆ ಏನೂ ಇಲ್ಲದೆ ಕುಂಟೆ ಮೇಲೆ ನೋಡತೊಡಗಿತು. ನೋಡಿತು, ನೋಡಿತು, ನೋಡುತ್ತಲೇ ಇತ್ತು. ಮುಚ್ಚಲು ಅದಕ್ಕೆ ರೆಪ್ಪೆ ಇರಲಿಲ್ಲ.

ಒಂದು ದಿನ ಮಧ್ಯಾಹ್ನ, ಹೊತ್ತು ನೆತ್ತಿಯ ಮೇಲೆ ಬಂದಾಗ, ಕಾಗೆ ನೀರು ಕುಡಿಯಲು ಬಂತು. ಕುಡಿದು ಹಾರಿತು. ನೀರಿನೊಳಗಿದ್ದ ಕಾಗೆ ಹಾರಲಿಲ್ಲ. ಕತ್ತು ಓರೆ ಮಾಡಿ ಒಂದು ಗಳಿಗೆ ಹಾಗೇ ನಿಂತಿತ್ತು. ಆಮೇಲೆ ಹಾರಿತು.

ಮರುದಿನ ಎರಡು ಗಳಿಗೆ ನಿಂತಿತ್ತು.

ಕಾಗೆ ಓಬಯ್ಯನ ಗುಡಿಸಲ ಮೇಲೆ ಕೂತು, "ನಾನು ಇನ್ನು ಅಲ್ಲಿಗೆ ಹೋಗಲ್ಲಪ್ಪ. ನನ್ನದು ನನ್ನ ಹಿಂದೆ ಬರೋದು ತಡ ಮಾಡ್ತೈತೆ" ಎಂದಿತು.

"ನಿನ್ನದು ಅಂದ್ರೆ ಏನು?" ಎಂದ ಓಬಯ್ಯ.

ಕಾಗೆ ಅಷ್ಟರಲ್ಲಿ ಹಾರಿಹೋಗಿತ್ತು. ಅವತ್ತಿನಿಂದ ಅದು ಕುಂಟೆಯ ಮೇಲೆ ಹಾರಲೂ ಇಲ್ಲ.

ಮೂರನೆಯ ದಿನ ದುಗ್ಗಿ ನೀರು ತರಲು ಹೋದಳು. ಮಧ್ಯಾಹ್ನವೇ. ಬಗ್ಗಿ ನೋಡಿದಳು. ತಳದಲ್ಲಿ ಅವ್ವನ ರಂಗೋಲಿ, ರಂಗೋಲಿಯ ಮೇಲೆ ಒಬ್ಬ ಹುಡುಗಿ. ದುಗ್ಗಿ ನಗಬೇಕು ಎಂದುಕೊಳ್ಳುವಷ್ಟರಲ್ಲಿ ಆ ಹುಡುಗಿ ನಕ್ಕಳು.

ದುಗ್ಗಿ ಮಡಕೆ ತುಂಬಿಕೊಂಡು ಮನೆಗೆ ಬಂದಳು.

"ಮುದ್ದೆ ಉಣ್ತೀಯಾ?" ಎಂದಳು ತಿಪ್ಪವ್ವ. ದುಗ್ಗಿ ಮಾತಾಡಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಎದ್ದು, ಯಾರೂ ಏನೂ ಕೇಳದಿದ್ದಾಗ, "ಹೂಂ ಅವ್ವ, ಉಣ್ತೀನಿ" ಎಂದಳು.

ದಿನಾ ಮಧ್ಯಾಹ್ನ ಕುಂಟೆಗೆ ಹೋದಳು. ದಿನಾ ಬಂದಳು. ಆಟವಿಲ್ಲ, ಹಟವಿಲ್ಲ. ಉಗುರಲ್ಲಿ ಮಣ್ಣಿಲ್ಲ, ತಲೆಯಲ್ಲಿ ಹೇನಿಲ್ಲ. ಕೂರಿಸಿದಲ್ಲಿ ಕೂರುತ್ತಿದ್ದಳು. ರೆಪ್ಪೆ ಬಡಿಯುತ್ತಿರಲಿಲ್ಲ.

ತಿಪ್ಪವ್ವನಿಗೆ ಮೊದಮೊದಲು ಸಂತೋಷವೇ ಆಯಿತು. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? "ನೋಡು, ನನ್ನ ಮಗಳು ಎಷ್ಟು ಚೊಕ್ಕ ಆಗವ್ಳೆ" ಎಂದು ಗಂಡನಿಗೆ ತೋರಿಸಿದಳು.

ಹಾಗೆ ಹೋಗತೊಡಗಿದ ನಾಲ್ಕನೆಯ ದಿನ, ಕುಂಟೆಯಿಂದ ಬಂದ ದುಗ್ಗಿ ಒಲೆಯ ಮುಂದೆ ಕೈ ಕಾಯಿಸುತ್ತಿದ್ದಳು. ಅವಳ ಅಂಗೈಯ ಆಚೆ ಬೆಂಕಿ ಉರಿಯುವುದು ತಿಪ್ಪವ್ವನಿಗೆ ಕಾಣಿಸಿತು. ಕೈ ಅಡ್ಡ ಇತ್ತು. ಆದರೂ ಬೆಂಕಿ ಕಾಣುತ್ತಿತ್ತು. ಒಂದೊಂದು ಕಿಡಿಯೂ ಕಾಣುತ್ತಿತ್ತು.

ತಿಪ್ಪವ್ವ ಎದ್ದವಳೇ ಕುಂಟೆಗೆ ಓಡಿದಳು. ಹೊತ್ತು ಇನ್ನೂ ನೆತ್ತಿಯ ಮೇಲೇ ಇತ್ತು.

ತಳದಲ್ಲಿ, ರಂಗೋಲಿಯ ಮೇಲೆ, ದುಗ್ಗಿ ಕೂತಿದ್ದಳು. ಮನೆಯಲ್ಲಿದ್ದ ದುಗ್ಗಿಗಿಂತ ಇವಳಿಗೆ ಹೆಚ್ಚು ಬಣ್ಣವಿತ್ತು. ಕೆನ್ನೆ ಕೆಂಪಗಿತ್ತು. ಐದು ಕಲ್ಲು ಇಟ್ಟುಕೊಂಡು ಒಬ್ಬಳೇ ಆಡುತ್ತಿದ್ದಳು. ಮೇಲೆ ಎಸೆದ ಕಲ್ಲು ಸದ್ದಿಲ್ಲದೆ ಕೆಳಗೆ ಬರುತ್ತಿತ್ತು.

"ನನ್ನ ಮಗಳನ್ನ ಕೊಡು," ಎಂದಳು ತಿಪ್ಪವ್ವ.

"ಬಾ ತಾಯಿ, ಕೂತುಕೋ," ಎಂದಿತು ಕುಂಟೆ. ಅದರ ದನಿ ತುಂಬ ಮೆತ್ತಗಿತ್ತು. "ನೀನು ನನಗೆ ಎಷ್ಟು ಚೆಂದದ ಮನೆ ಮಾಡಿಕೊಟ್ಟೆ. ಇಷ್ಟು ಸಾರಿಸಿ ಇಟ್ಟ ಮನೆಯಲ್ಲಿ ಒಬ್ಬರಾದರೂ ಇರಬೇಡವೇ?"

"ಅವಳು ನನ್ನ ಮಗಳು!"

"ಇದ್ದವರನ್ನೆಲ್ಲ ನೀನು ಹೊತ್ತು ಹೊರಗೆ ಹಾಕಿದೆ. ನಾನು ಬೇಸರ ಮಾಡಿಕೊಂಡೆನೇ? ಇವಳನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ. ನೋಡುವುದೊಂದೇ ನನಗೆ ಬರುವುದು. ನಾಳೆ ಮಧ್ಯಾಹ್ನ ಒಂದು ಸಲ ಬಂದುಬಿಟ್ಟರೆ ಪೂರ್ತಿ ಇಲ್ಲೇ ಇರುತ್ತಾಳೆ."

"ನಾನು ಕಳಿಸಲ್ಲ. ಬಾಗಿಲು ಹಾಕ್ತೀನಿ."

"ಹಾಕು," ಎಂದಿತು ಕುಂಟೆ. "ಅವಳೀಗ ಬಾಗಿಲಿನ ಸಂದಿಯಲ್ಲೂ ತೂರುವಷ್ಟು ತೆಳ್ಳಗಾಗಿದ್ದಾಳೆ. ಅವಳಿಗೆ ಬಾಗಿಲು ಯಾಕೆ?"

ತಿಪ್ಪವ್ವ ಒಂದು ಕಲ್ಲು ತೆಗೆದು ನೀರಿಗೆ ಬೀಸಿದಳು. ನೀರು ಒಡೆಯಿತು. ತಳದ ಹುಡುಗಿಯ ಮುಖ ಚೂರುಚೂರಾಯಿತು. ಅದೇ ಗಳಿಗೆಯಲ್ಲಿ ದೂರದ ಗುಡಿಸಲಿನಿಂದ, "ಅವ್ವಾ!" ಎಂಬ ಕೂಗು ಕೇಳಿತು, ನಿಜವಾದ ದುಗ್ಗಿಯ ಕೂಗು, ಅಳು ತುಂಬಿದ್ದು. ಆಮೇಲೆ ನೀರು ಕೂಡಿಕೊಂಡಿತು. ಕೂಗು ನಿಂತಿತು.

ತಿಪ್ಪವ್ವನಿಗೆ ಅರ್ಥವಾಯಿತು. ನೀರು ಒಡೆದಿರುವಷ್ಟು ಹೊತ್ತು ಮಗಳು ತನ್ನವಳು.

ಅವಳು ಎಮ್ಮೆಯ ಹತ್ತಿರ ಓಡಿದಳು. "ಎಮ್ಮಕ್ಕ, ನಿನ್ನ ಕಾಲಿಗೆ ಬೀಳ್ತೀನಿ. ಬಂದು ಹೊರಳಾಡು. ನೀರು ಕಲಕು."

"ದಡ ಗೋಡೆ ಆಗೈತೆ," ಎಂದಿತು ಎಮ್ಮೆ. "ಇಳಿದ್ರೆ ಬೀಳ್ತೀನಿ. ಬಿದ್ರೆ ಏಳಲ್ಲ. ನಂಗೆ ಇಳಿಜಾರು ಬೇಕು. ಮತ್ತೆ ನಾನೊಬ್ಬಳು ಹೊರಳಿದ್ರೆ ಸಾಕಾ? ನಾನು ಎದ್ದು ಹೋದ ಮೇಲೆ? ಒಳಗೆ ಇರಬೇಕಾದೋರು ಇರಬೇಕು."

ತಿಪ್ಪವ್ವ ಸಲಿಕೆ ಹಿಡಿದಳು. ತಾನೇ ಕಟ್ಟಿದ ದಡವನ್ನು ತಾನೇ ಕಡಿದಳು. ಓಬಯ್ಯ ಬಂದ. ಏನು, ಯಾಕೆ ಎಂದು ಕೇಳಲಿಲ್ಲ, ಗುದ್ದಲಿ ಹಾಕಿದ. ತಿಪ್ಪವ್ವ ಬೇಲಿಯಾಚೆಯ ಹೂಳಿನ ರಾಶಿಗೆ ಓಡಿದಳು. ರಾಶಿ ಮೇಲೆ ಒಣಗಿ ಬಿರುಕು ಬಿಟ್ಟಿತ್ತು. ಬಿರುಕಿಗೆ ಕಿವಿಯಿಟ್ಟರೆ ಒಳಗೆ ಉಸಿರಾಡುವ ಸದ್ದು, ಒಬ್ಬರದಲ್ಲ, ನೂರಾರು ಜನರದು.

ಮೊದಲ ಮಂಕರಿ ತುಂಬುವಾಗಲೇ ಒಂದು ಮುದಿ ಕಪ್ಪೆ ಕಣ್ಣು ಬಿಟ್ಟಿತು.

"ಯಾರದು? ಮಳೆ ಬಂತಾ?"

"ಬಂದು ತಿಂಗಳಾಯ್ತು ತಾಯಿ."

"ತಿಂಗಳು! ಎಬ್ಬಿಸಬಾರದಿತ್ತಾ?"

"ನೀವೆಲ್ಲ ಇಲ್ಲಿದ್ದೀರಿ ಅಂತ..." ತಿಪ್ಪವ್ವ ಅರ್ಧಕ್ಕೆ ನಿಲ್ಲಿಸಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಎಮ್ಮಕ್ಕ ಹೇಳಿತ್ತು. ನಾನು ಕೇಳಲಿಲ್ಲ."

ಕಪ್ಪೆ ಅವಳನ್ನು ಮೇಲಿಂದ ಕೆಳಗೆ ನೋಡಿತು. "ಹೊತ್ಕೊಂಡು ಹೋಗು ಮತ್ತೆ. ಮೆಲ್ಲಗೆ. ಮಕ್ಕಳು ಮಲಗವ್ರೆ."

ಮಂಕರಿಯ ಮೇಲೆ ಮಂಕರಿ ಹೊತ್ತಳು. ಒಂದೊಂದನ್ನೂ ಅಲುಗದ ಹಾಗೆ ನೀರಿಗೆ ಇಳಿಸಿದಳು. ಜೊಂಡಿನ ಬೇರುಗಳನ್ನು ಹುಡುಕಿ ಅಂಚಿನಲ್ಲಿ ಊರಿದಳು. ಕಾಲಿಗೆ ಕೆಸರು, ಸೀರೆಗೆ ಕೆಸರು, ಹುಬ್ಬಿನವರೆಗೂ ಕೆಸರು. ದಿನ ಕಳೆಯಿತು, ಮತ್ತೊಂದು ಹಗಲು ಬಂತು, ಹೊತ್ತು ಮೇಲೇರಿತು.

ಸಾಲಲಿಲ್ಲ. ಹೂಳು ಒಂದು ಮೂಲೆಯಲ್ಲಿ ಮಾತ್ರ ಕೂತಿತ್ತು. ಜೊಂಡು ಇನ್ನೂ ಚಿಗುರಿರಲಿಲ್ಲ. ಇಳಿಜಾರು ಎಮ್ಮೆಗೆ ಆಗುವಷ್ಟು ಅಗಲವಾಗಿರಲಿಲ್ಲ. ಕುಂಟೆಯ ನಡುವೆ ನೀರು ಹಾಗೇ ತಿಳಿಯಾಗಿ, ಹಾಗೇ ಅಲುಗದೆ, ಹಾಗೇ ನೋಡುತ್ತ ಇತ್ತು.

ದುಗ್ಗಿ ತಾನಾಗಿ ಎದ್ದು ಬಂದಳು. ಓಬಯ್ಯ ದಡದಲ್ಲೇ ಅವಳನ್ನು ಎತ್ತಿಕೊಂಡ. "ತಿಪ್ಪೀ, ಕೂಸಿಗೆ ತೂಕವೇ ಇಲ್ಲ ಕಣೇ."

ಅವನ ತೋಳಲ್ಲಿದ್ದ ಮಗಳ ಆಚೆ ಅವನ ಅಂಗಿಯ ಗುಂಡಿಗಳು ಕಾಣುತ್ತಿದ್ದವು. ನೀರಿನೊಳಗೆ ಇನ್ನೊಬ್ಬ ದುಗ್ಗಿ ಕಲ್ಲಾಟ ನಿಲ್ಲಿಸಿ ಎದ್ದು ನಿಂತು, ಮೇಲೆ ಕೈಚಾಚಿದಳು.

ತಿಪ್ಪವ್ವ ಕಲ್ಲು ಎಸೆದಳು. ನೀರು ಒಡೆದು ಕೂಡಿತು. ಮತ್ತೆ ಎಸೆದಳು. ಮತ್ತೆ ಕೂಡಿತು. ಕಪ್ಪೆ ಹಾರಿ ಬಿತ್ತು, ಮುಳುಗಿತು, ನೀರು ಕೂಡಿತು. ಮೀನಿನ ಮರಿಗಳು ಇನ್ನೂ ಮೊಟ್ಟೆಯೊಳಗಿದ್ದವು. ಕಲ್ಲು ಮುಗಿಯಿತು.

"ಯಾರಾದ್ರೂ ಬನ್ನಿ!" ಎಂದಳು ತಿಪ್ಪವ್ವ. "ನೀರಿನ ಮೇಲೆ ನಿಲ್ಲೋರು ಯಾರಾದ್ರೂ ಇದ್ರೆ ಬನ್ನಿ!"

ಅವಳ ಮಂಕರಿಯ ಹೆಣಿಗೆಯ ಸಂದಿಯಿಂದ ಒಂದು ಹುಳ ಹೊರಗೆ ಬಂತು. ಕಸದ ಕಡ್ಡಿಯಷ್ಟು ಸಣಕಲು ಮೈ. ಕಾಲು ಮಾತ್ರ ಮೈಯಿಗಿಂತ ಉದ್ದ. ಆಗ ಅದು ನೆಲದ ಮೇಲೆ, ಕೆಸರಿನ ಬಿರುಕುಗಳಲ್ಲಿ ಇರುತ್ತಿತ್ತು. ಅದಕ್ಕೆ ಯಾರೂ ಹೆಸರು ಕೂಡ ಇಟ್ಟಿರಲಿಲ್ಲ.

"ನಾನು ನಿಲ್ಲಬಲ್ಲೆ ಅನ್ಸುತ್ತೆ," ಎಂದಿತು ಹುಳ. "ನನ್ನಲ್ಲಿ ಮುಳುಗೋವಷ್ಟು ಏನೂ ಇಲ್ಲ."

"ಕುಂಟೆ ಹಿಡ್ಕೊಂಡ್ರೆ?" ಎಂದಿತು ಕಪ್ಪೆ.

"ಹಿಡ್ಕೊಳ್ಳೋದು ನಿಂತೋರನ್ನ. ನಾನು ನಿಲ್ಲಲ್ಲ."

ಹುಳ ನೀರಿನ ಮೇಲೆ ಕಾಲಿಟ್ಟಿತು. ನೀರು ಸ್ವಲ್ಪ ತಗ್ಗಿತು, ತೂತು ಬೀಳಲಿಲ್ಲ. ಹುಳ ಓಡಿತು. ನೇರವಾಗಿ ಆ ಹುಡುಗಿಯ ಮುಖದ ಮೇಲೆ ಓಡಿತು. ಕಾಲಿಟ್ಟಲ್ಲೆಲ್ಲ ನೀರು ಗುಳಿ ಬಿತ್ತು. ಗುಳಿಯ ಕೆಳಗೆಲ್ಲ ತಳದಲ್ಲಿ ದುಂಡನೆಯ ಕಪ್ಪು ನೆರಳು ಬಿತ್ತು. ಒಂದು ಕಣ್ಣು ಮುಚ್ಚಿತು. ಇನ್ನೊಂದು ಮುಚ್ಚಿತು. ಬಾಯಿ ಎಲ್ಲೋ ಹೋಯಿತು, ಮೂಗು ಎಲ್ಲೋ ಹೋಯಿತು. ಮುಖ ಕೂಡಿಕೊಳ್ಳಲು ನೋಡಿದಷ್ಟು ಸಲ ಹುಳ ಅಡ್ಡ ಬಂತು.

"ಎಷ್ಟು ಚೆಂದ ಇದ್ದೀಯ," ಎಂದಿತು ಕುಂಟೆ, ಅದೇ ಮೆತ್ತನೆಯ ದನಿಯಲ್ಲಿ. "ಒಂದು ಗಳಿಗೆ ನಿಲ್ಲು. ನಿನ್ನನ್ನು ಸರಿಯಾಗಿ ನೋಡುತ್ತೇನೆ."

"ನೋಡೋವಂಥದ್ದು ನನ್ನಲ್ಲಿ ಏನಿಲ್ಲ," ಎಂದಿತು ಹುಳ, ಓಡುತ್ತ.

"ಎಷ್ಟು ಹೊತ್ತು ಹೀಗೆ ಓಡುತ್ತೀಯ?"

"ನೀನು ಎಷ್ಟು ಹೊತ್ತು ನೋಡ್ತೀಯ?"

"ಯಾವಾಗಲೂ," ಎಂದಿತು ಕುಂಟೆ.

"ಹಾಗಾದ್ರೆ ನಾನೂ ಯಾವಾಗಲೂ."

ಹೊತ್ತು ನೆತ್ತಿಯಿಂದ ಒಂದು ಗೇಣು ಜಾರಿತು. ಓಬಯ್ಯ ಮಗಳ ಸಮೇತ ಕೆಸರಿನಲ್ಲಿ ಕೂತುಬಿಟ್ಟ. "ಭಾರ!" ಎಂದ. "ತಿಪ್ಪೀ, ಭಾರ ಆದಳು ಕಣೇ!" ಎಂದು ಅಳತೊಡಗಿದ.

ದುಗ್ಗಿ ರೆಪ್ಪೆ ಬಡಿದಳು. ಅಪ್ಪನನ್ನು ನೋಡಿದಳು. ಹುಬ್ಬಿನವರೆಗೂ ಕೆಸರಾಗಿದ್ದ ಅವ್ವನನ್ನು ನೋಡಿದಳು. "ಥೂ, ಏನವ್ವ ಇದು ಅವತಾರ?" ಎಂದಳು.

ತಿಪ್ಪವ್ವ ಅವಳನ್ನು ಆ ಅವತಾರದಲ್ಲೇ ತಬ್ಬಿಕೊಂಡಳು.

ಮುಂದಿನದು ನಿಧಾನದ ಕೆಲಸ. ಇಳಿಜಾರು ಅಗಲವಾಯಿತು, ಎಮ್ಮೆ ಇಳಿದು ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು. ಏರಿಸಿದ ಮಣ್ಣು ಇಳಿದ ಮೇಲೆ ಗಾಳಿ ಬಂದು ಜೊಂಡಿನ ಚಿಗುರನ್ನು ಮಾತಾಡಿಸಿತು. ಮೊಟ್ಟೆ ಒಡೆದು ಮೀನು ಬಂದವು, ಮೀನು ಹುಡುಕಿಕೊಂಡು ಬೆಳ್ಳಕ್ಕಿ ಬಂತು. ಕುಂಟೆ ಮತ್ತೆ ಕಂದಾಯಿತು, ಮತ್ತೆ ವಾಸನೆ ಬಂತು, ಮತ್ತೆ ಗದ್ದಲ. ಮನೆ ತುಂಬ ಜನ ಇದ್ದವರಿಗೆ ಬೀದಿ ನೋಡುತ್ತ ಕೂರಲು ಪುರಸೊತ್ತೆಲ್ಲಿ? ಕುಂಟೆ ಜನರನ್ನು ನೋಡುವುದನ್ನು ಬಹಳ ಮಟ್ಟಿಗೆ ಬಿಟ್ಟಿತು. ಪ್ರತಿ ಬೇಸಿಗೆಯಲ್ಲೂ ಹೂಳು ತೆಗೆಯುವಾಗ ತಿಪ್ಪವ್ವ ಮಲಗಿದವರ ಮೂಲೆಗೆ ಅಡ್ಡ ನಿಲ್ಲುತ್ತಿದ್ದಳು. ಸಲಿಕೆ ಹಿಡಿದು ಯಾರಾದರೂ ಆ ಕಡೆ ಬಂದರೆ ಅವರಿಗೆ ಅವತ್ತು ಚೆನ್ನಾಗಿ ಆಗುತ್ತಿತ್ತು.

ಎಲ್ಲ ಸರಿಹೋದ ಮೇಲೆ ಒಂದು ದಿನ ತಿಪ್ಪವ್ವ ದಡದಲ್ಲಿ ಕೂತು ಹುಳವನ್ನು ಕರೆದಳು. "ಸಾಕು ಕಣಪ್ಪ. ದಡಕ್ಕೆ ಬಾ. ಸ್ವಲ್ಪ ನಿಂತು ದಣಿವು ಆರಿಸ್ಕೋ."

ಹುಳಕ್ಕೂ ದಣಿವಾಗಿತ್ತು. ಅದು ನಿಂತಿತು.

ಅದರ ಕೆಳಗೆ, ಕೆಸರುನೀರಿನ ನಡುವೆ, ಹುಣಸೆಬೀಜದಷ್ಟು ಜಾಗ ಮಾತ್ರ ತಿಳಿಯಾಯಿತು. ತಿಳಿಯಾಗಿ, ಮೇಲೆ ನೋಡಿತು.

ಹುಳ ಚಂಗನೆ ಓಡಿತು. ತಿಪ್ಪವ್ವ ಮತ್ತೆ ಅದನ್ನು ಕರೆಯಲಿಲ್ಲ.

ಅದಕ್ಕೇ ಇವತ್ತಿಗೂ ನೀವು ಯಾವ ಕುಂಟೆಯ ಮೇಲೆ ಬಗ್ಗಿದರೂ, ಆ ಉದ್ದಕಾಲಿನ ಹುಳ ಎಲ್ಲಿಂದಲೋ ಓಡಿಬಂದು ನಿಮ್ಮ ಮುಖದ ಮೇಲೇ ಹಾಯ್ದುಹೋಗುತ್ತದೆ. ಅದರ ಕಡ್ಡಿಕಾಲಿನ ನೆರಳು ಕಡ್ಡಿಯ ಹಾಗೆ ಬೀಳದೆ ತಳದಲ್ಲಿ ದುಂಡುದುಂಡಾಗಿ ಬೀಳುತ್ತದೆ, ಒಂದೊಂದೂ ಒಂದೊಂದು ರೆಪ್ಪೆ.

ಕೇಳಿದಿರಲ್ಲ, ಇನ್ನು ನೀವು ಹೇಳಬೇಕು. ಮನೆಯಲ್ಲಿ ಹೇಳಿ, ಶಾಲೆಯಲ್ಲಿ ಹೇಳಿ. ಕುಂಟೆಯ ತಳಕ್ಕೆ ಸಿಮೆಂಟು ಬಳಿಯಲು ಹೊರಟವರು ಕಂಡರೆ ಮಾತ್ರ ನಾಳೆ ಎನ್ನಬೇಡಿ, ಮಧ್ಯಾಹ್ನವಾಗುವುದರೊಳಗೆ ಹೇಳಿ.